ಎಂಎಚ್ 370 ಎಲ್ಲಿ ಹೋತು ಅಂತೀರಿ? (ಡಿಯಾಗೊ ಗಾರ್ಸಿಯಾ ಅನ್ನೋರು ಮೊದ್ಲು ಪೂರ್ತಿ ಓದ್ರಿ)

ತೀನ್‌ಕಂದಿಲ್, ರಾಯಚೂರು
ಜಗಳಕ್ಕ ಕೇಳ್ತಿಲ್ರಿ, ಖರೇನ ತಿಳ್ಕೊಬೇಕಂತ ಕೇಳ್ತಿದೀನಿ. 2014ರ ಮಾರ್ಚ್‌ನ್ಯಾಗ ಕೌಲಾಲಂಪುರದಿಂದ ಬೀಜಿಂಗಿಗೆ ಹೊಂಟಿದ್ದ ಮಲೇಷ್ಯಾದ ವಿಮಾನ 239 ಜನರ ಸಮೇತ ಮಾಯ ಆತಲ್ಲ, ಅದನ್ನ ಮತ್ತ ಹುಡುಕಾಕ 2025ರಾಗ ಓಷನ್ ಇನ್ಫಿನಿಟಿ ಅನ್ನೋ ಕಂಪನಿಗೆ ಅಲ್ಲಿ ಸರ್ಕಾರ ಒಪ್ಪಿಗಿ ಕೊಟ್ಟದ, ಸಿಕ್ಕರ 7 ಕೋಟಿ ಡಾಲರ್, ಸಿಗಲಿಲ್ಲಂದ್ರ ಒಂದು ಪೈಸಾನೂ ಇಲ್ಲ. ಈ ಸುದ್ದಿ ನಮ್ಮ ಫ್ರೆಂಡ್ಸ್ ಗ್ರೂಪಿಗೆ ಬಿದ್ದಿದ್ದೇ ತಡ, ಒಬ್ಬ ಅಮೆರಿಕದವ್ರು ಹೊಡದು ಕೆಡವ್ಯಾರ ಅಂತಾನ, ಇನ್ನೊಬ್ಬ ಕಝಾಕಿಸ್ತಾನದಾಗ ಇಳಿಸಿ ಬಚ್ಚಿಟ್ಟಾರ ಅಂತಾನ, ಮತ್ತೊಬ್ಬಂದು ಬ್ಲ್ಯಾಕ್ ಹೋಲ್. ಇಷ್ಟು ದೊಡ್ಡ ಬೋಯಿಂಗ್ 777 ಕಾಣಂಗಿಲ್ಲ ಅಂದ್ರ ಹ್ಯಾಂಗ್ರಿ? ಕೈಯಾಗಿನ ಮೊಬೈಲ್ ಕಳದ್ರ ಎಲ್ಲದ ಅಂತ ತೋರಸ್ತದ, ವಿಮಾನಕ್ಕ ಅಷ್ಟೂ ಇಲ್ಲೇನು?

ಕೋಟೆ ಬಳ್ಳಾರಿ
ಟೈಟಲ್ಲಲ್ಲೇ ನಮ್ಮ ಬಾಯಿ ಮುಚ್ಚಿಸ್ತೀರಲ್ಲ ಸಾರ್ 😀 ನಾನು ಹೇಳೇ ಹೇಳ್ತೀನಿ, ಡಿಯಾಗೊ ಗಾರ್ಸಿಯಾ. ಹಿಂದೂ ಮಹಾಸಾಗರದ ಮಧ್ಯ ಅಮೆರಿಕದ ಮಿಲಿಟರಿ ಬೇಸ್ ಐತೆ, ದೊಡ್ಡ ರನ್‌ವೇ ಐತೆ, ಅಷ್ಟೆಲ್ಲಾ ರೇಡಾರು ಸ್ಯಾಟಲೈಟು ಇಟ್ಕೊಂಡೋರಿಗೆ ಒಂದು ವಿಮಾನ ಕಾಣಲಿಲ್ಲ ಅಂದ್ರೆ ನಂಬೋಕೆ ನಾವೇನು ಸಣ್ಣ ಹುಡುಗ್ರಾ? ಮತ್ತೆ ಮಾಲ್ಡೀವ್ಸ್‌ನ ಒಂದು ದ್ವೀಪದ ಜನ ಬೆಳಗ್ಗೆ ಬೆಳಗ್ಗೆ ತುಂಬಾ ಕೆಳಗೆ ಹಾರ್ತಿದ್ದ ದೊಡ್ಡ ವಿಮಾನ ನೋಡಿದೀವಿ ಅಂದ್ರು, ಬಿಳಿ ಮೈ ಮೇಲೆ ಕೆಂಪು ಪಟ್ಟಿ ಅಂತಾನೂ ಹೇಳಿದ್ರು. ಅವರೆಲ್ಲಾ ಸುಳ್ಳು ಹೇಳ್ತಾರಾ?

ಸೋನಾಮಸೂರಿ, ಗಂಗಾವತಿ
ಬಳ್ಳಾರಿ ಅಣ್ಣಾರು ಶುರು ಹಚ್ಚಿದ್ರು ನೋಡ್ರಿ, ನಾನು ಒಗ್ಗರಣಿ ಮಿರ್ಚಿ ತಗೊಂಡು ಕುಂತೀನಿ.

ಮೊಬೈಲ್ ರಿಪೇರಿ, ಸಿಂಧನೂರು
ಒಂದು ಮಾತ್ರ ನನಗ ಗೊತ್ತಿದ್ದದ್ದು ಹೇಳ್ತೀನಿ. ಆಗ ಪ್ಯಾಸೆಂಜರ್‌ಗಳ ಮನಿಯವ್ರು ಫೋನ್ ಹಚ್ಚಿದ್ರ ರಿಂಗ್ ಆಗ್ತದ, ಯಾರೂ ಎತ್ತಂಗಿಲ್ಲ ಅಂತ ಅತ್ತಿದ್ರು, ಅದನ್ನ ಹಿಡ್ಕೊಂಡು ಎಲ್ಲರೂ ಜೀವಂತ ಅದಾರ ಅಂತ ಸುದ್ದಿ ಹಬ್ಬಿತ್ತು. ನೀವು ಕಿವ್ಯಾಗ ಕೇಳೋ ಆ ಟ್ರಿಂಗ್ ಟ್ರಿಂಗ್ ಆ ಕಡೆ ಫೋನಿಂದ ಬರಂಗಿಲ್ರಿ, ನೆಟ್‌ವರ್ಕ್ ಕೊಡ್ತದ. ಆ ಕಡೆ ನಂಬರ್ ಎಲ್ಲದ ಅಂತ ಹುಡುಕೋ ಹೊತ್ತಿನ್ಯಾಗೂ ಕೆಲವು ನೆಟ್‌ವರ್ಕ್ ರಿಂಗ್ ಕೇಳಿಸ್ತಾವ, ಬ್ಯಾರೆ ದೇಶಕ್ಕ ಹಚ್ಚಿದ್ರಂತೂ ಇದು ಹೆಚ್ಚು. ಫೋನ್ ಸಮುದ್ರದ ತಳದಾಗಿದ್ರೂ ನಿಮಗ ಒಂದೆರಡು ರಿಂಗ್ ಕೇಳಿಸಬಹುದು. ಹಂಗಂತ ಆ ಮನಿಯವ್ರಿಗೆ ಯಾರು ಹೇಳಬೇಕು, ಹೇಳಿದ್ರೂ ಅವರ ಕಿವಿಗೆ ಹೋಗ್ತದೇನು.
ಇನ್ನೊಂದು, ಕೋ ಪೈಲಟ್ ಫೋನ್ ಪೆನಾಂಗ್ ಕಡೆ ಹಾಯ್ದಾಗ ಒಂದು ಟವರಿಗೆ ಸಿಕ್ಕಿತ್ತು, ಇದು ಮಲೇಷ್ಯಾದ ತನಿಖಾ ರಿಪೋರ್ಟಿನ್ಯಾಗೇ ಅದ. ಕಾಲ್ ಮಾಡಿದ್ದಲ್ಲ, ಫೋನ್ ಆನ್ ಇತ್ತು, ಟವರ್ ಅದನ್ನ ಗುರ್ತು ಹಿಡೀತು, ಅಷ್ಟೇ. ಸಹಾಯಕ್ಕ ಕಾಲ್ ಮಾಡಿದ್ದ ಅನ್ನೋದು ಪೇಪರ್‌ನವ್ರು ಹಚ್ಚಿದ ಮಸಾಲಿ.

ನಿವೃತ್ತ ಮಾಸ್ತರ್, ಯಲಬುರ್ಗಾ
ಎಲ್ಲರಿಗೂ ನಮಸ್ಕಾರ. ಉದ್ದ ಬರೀತೀನಿ, ಬ್ಯಾಸರ ಆದ್ರ ಬಿಟ್ಟು ಮುಂದ ಹೋಗ್ರಿ.
ಮೊದಲ ಟೈಮ್ ನಮ್ಮ ಗಡಿಯಾರಕ್ಕ ಹಚ್ಚಿ ಹೇಳ್ತೀನಿ, ಇಲ್ಲಂದ್ರ ಗೊಂದಲ ಆಗ್ತೈತಿ. ಮಾರ್ಚ್ 7ರ ರಾತ್ರಿ 10:12ಕ್ಕ ವಿಮಾನ ಮ್ಯಾಲೆದ್ದಿತು, ಮಲೇಷ್ಯಾದಾಗ ಆಗ 8ನೇ ತಾರೀಖು ಹುಟ್ಟಿತ್ತು. 10:49ಕ್ಕ ಪೈಲಟ್ ಕಡೆಯಿಂದ ಕಡೀ ಮಾತು ಬಂತು. ಎರಡು ನಿಮಿಷದಾಗ, ಮಲೇಷ್ಯಾದ ಕಂಟ್ರೋಲಿಂದ ವಿಯೆಟ್ನಾಂ ಕಂಟ್ರೋಲಿಗೆ ದಾಟೋ ಜಾಗದಾಗೇ, ಟ್ರಾನ್ಸ್‌ಪಾಂಡರ್ ಬಂದ್ ಆತು, ಅಂದ್ರ ನಾನು ಇಂಥ ವಿಮಾನ, ಇಷ್ಟು ಎತ್ತರದಾಗ ಅದೀನಿ ಅಂತ ತಾನಾಗಿ ಹೇಳೋ ಯಂತ್ರ. ಆಮ್ಯಾಲ ವಿಮಾನ ಹಿಂದ ತಿರುಗಿ ಮಲೇಷ್ಯಾ ದಾಟಿ ಅಂಡಮಾನ್ ಕಡೆ ಮುಖ ಮಾಡ್ತು, ಇದನ್ನ ಅವರ ಮಿಲಿಟರಿ ರೇಡಾರ್ 11:52ರ ತನಕ ಕಂಡೈತಿ. ನೆಲದ ಮ್ಯಾಲಿನ ರೇಡಾರಿಗೆ ಮೂರ್ನಾಲ್ಕು ನೂರು ಕಿಲೋಮೀಟರ್ ಆಚೆ ಕಣ್ಣು ಹೋಗಂಗಿಲ್ಲ, ನಡು ಸಮುದ್ರದಾಗ ರೇಡಾರ್ ಇಲ್ಲ. ತೀನ್‌ಕಂದಿಲ್ ಅವ್ರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಐತಿ. ನಾವು ಮೊಬೈಲಿನ್ಯಾಗ ವಿಮಾನ ನೋಡೋ ಆ್ಯಪ್ ಐತಲ್ಲ, ಅದು ಬಹಳಷ್ಟು ವಿಮಾನ ತಾನೇ ಬಿಟ್ಟ ಸಿಗ್ನಲ್ ನಂಬಿದ್ದು. ವಿಮಾನ ಸುಮ್ನಾದ್ರ ಆ್ಯಪೂ ಸುಮ್ನ.
ಈಗ ಮುಖ್ಯದ್ದು. ವಿಮಾನದ ಮ್ಯಾಲಿನ ಒಂದು ಸಾಧನ ಇನ್‌ಮಾರ್‌ಸ್ಯಾಟ್ ಉಪಗ್ರಹದ ಕೂಡ ತಾಸಿಗೊಮ್ಮೆ ಇದ್ದೀಯಾ, ಇದ್ದೀನಿ ಅನ್ನೋಷ್ಟು ಮಾತಾಡ್ತಿತ್ತು. ಜಾಗ ಹೇಳ್ತಿರಲಿಲ್ಲ. ಆದ್ರ ಉತ್ತರ ಬರಾಕ ಎಷ್ಟು ಹೊತ್ತು ಹಿಡೀತು ಅನ್ನೋದು ದಾಖಲಾಗಿತ್ತು. ಹೊತ್ತು ಗೊತ್ತಾದ್ರ ಉಪಗ್ರಹದಿಂದ ಎಷ್ಟು ದೂರ ಅಂತ ಗೊತ್ತಾಗ್ತೈತಿ, ಅಷ್ಟು ದೂರದಾಗಿನ ಎಲ್ಲಾ ಬಿಂದು ಕೂಡಿಸಿದ್ರ ಭೂಮಿ ಮ್ಯಾಲ ಒಂದು ಉಂಗುರ ಆಗ್ತೈತಿ. ಕಡೀ ಉಂಗುರ ಬೆಳಗ್ಗೆ 5:49ರದ್ದು, ಅದನ್ನೇ ಏಳನೇ ಆರ್ಕ್ ಅಂತಾರ. ಆಗ ಸಾಧನ ಹೊಸದಾಗಿ ಲಾಗಿನ್ ಕೇಳೈತಿ, ಅಂದ್ರ ನಡುವ ಕರೆಂಟ್ ಹೋಗಿ ಬಂದಿರಬೇಕು, ಎಣ್ಣಿ ಮುಗಿಯೋ ಹೊತ್ತಿಗೂ ಅದು ಸರಿಯಾಗಿ ಹೊಂದ್ತೈತಿ, ಯಾಕಂದ್ರ ಏಳೂವರೆ ತಾಸಿನ ಚಿಲ್ಲರ ಹಾರೋವಷ್ಟೇ ಎಣ್ಣಿ ಹಾಕಿದ್ರು.

ಕೋಟೆ ಬಳ್ಳಾರಿ
ಉಂಗುರ ಅಂದ್ರೆ ಉತ್ತರಕ್ಕೂ ಹೋಗಿರಬಹುದು ದಕ್ಷಿಣಕ್ಕೂ ಹೋಗಿರಬಹುದು ಅಂತಾಯ್ತಲ್ಲ ಮಾಸ್ತರೇ. ಅವರೇ ಮೊದಲು ಕಝಾಕಿಸ್ತಾನದ ಕಡೆ ಒಂದು ದಾರಿ, ದಕ್ಷಿಣಕ್ಕೆ ಒಂದು ದಾರಿ ಅಂತ ಎರಡು ಮ್ಯಾಪ್ ಬಿಟ್ಟಿದ್ರು.

ನಿವೃತ್ತ ಮಾಸ್ತರ್, ಯಲಬುರ್ಗಾ
ಒಳ್ಳೆ ಪ್ರಶ್ನೆ. ಟೇಶನ್‌ನ್ಯಾಗ ನಿಂತಾಗ ರೈಲು ಹತ್ತರ ಬರೋವಾಗ ಹಾರ್ನ್ ಸಣ್ಣ ದನಿ, ದಾಟಿ ಹೋದ ಮ್ಯಾಲ ದಪ್ಪ ದನಿ ಕೇಳ್ತೈತಲ್ಲ, ಅದೇ ತತ್ವ. ವಿಮಾನದ ಸಿಗ್ನಲ್ಲಿನ ಫ್ರೀಕ್ವೆನ್ಸಿ ಎಷ್ಟು ಸರಿದೈತಿ ಅಂತ ನೋಡಿದ್ರು. ಆ ಉಪಗ್ರಹ ಒಂದೇ ಕಡೆ ಗಟ್ಟಿಯಾಗಿ ನಿಂತಿರಲಿಲ್ಲ, ಹಳೇದು, ಸ್ವಲ್ಪ ಉತ್ತರ ದಕ್ಷಿಣ ಓಲಾಡ್ತಿತ್ತು, ಅದೇ ಓಲಾಟದ ದೆಸಿಯಿಂದ ಉತ್ತರದ ದಾರಿಗೂ ದಕ್ಷಿಣದ ದಾರಿಗೂ ಲೆಕ್ಕ ಬ್ಯಾರೆ ಬ್ಯಾರೆ ಬಂತು. ಹೊಂದಿದ್ದು ದಕ್ಷಿಣದ್ದು. ವಿಮಾನ ದಕ್ಷಿಣ ಹಿಂದೂ ಮಹಾಸಾಗರದಾಗ ಕೊನಿಯಾತು ಅಂತ ಮಾರ್ಚ್ 24ಕ್ಕ ಆಗಿನ ಮಲೇಷ್ಯಾ ಪ್ರಧಾನಿ ನಜೀಬ್ ರಜಾಕ್ ಹೇಳಿದ್ದು ಇದರ ಮ್ಯಾಲ.
ಈಗ ನಿಮ್ಮ ಡಿಯಾಗೊ ಗಾರ್ಸಿಯಾ. ಆ ಉಪಗ್ರಹ ಸಮಭಾಜಕ ವೃತ್ತದ ಮ್ಯಾಲ ಸುಮಾರು 64.5 ಡಿಗ್ರಿ ಪೂರ್ವದಾಗ ಇತ್ತು. ಡಿಯಾಗೊ ಗಾರ್ಸಿಯಾ 72 ಡಿಗ್ರಿ ಪೂರ್ವ, ಏಳು ಡಿಗ್ರಿ ದಕ್ಷಿಣ. ಅಂದ್ರ ಉಪಗ್ರಹದ ನೆತ್ತಿ ಕೆಳಗ ಅಂದ್ರೂ ನಡೀತೈತಿ. ಅಲ್ಲಿ ಇಳಿದಿದ್ರ ಉತ್ತರ ಬೇಗ ಬರಬೇಕಿತ್ತು, ಉಂಗುರ ಸಣ್ಣದಾಗಬೇಕಿತ್ತು. ಬಂದ ಉಂಗುರ ದೊಡ್ಡದು, ಅದು ಡಿಯಾಗೊ ಗಾರ್ಸಿಯಾದ ಸನ್ಯಾಕೂ ಹಾಯಂಗಿಲ್ಲ. ಮಾಲ್ಡೀವ್ಸೂ ಹಂಗೇ. ಮ್ಯಾಲ ಆ ದ್ವೀಪದವ್ರು ನೋಡಿದ್ದು ಅವರ ಟೈಮ್ ಬೆಳಗ್ಗೆ 6:15ಕ್ಕ, ನಮ್ಮ ಲೆಕ್ಕದಾಗ 6:45. ಎಣ್ಣಿ ಮುಗಿದು ಸುಮಾರು ಒಂದು ತಾಸಿನ ಮ್ಯಾಲ. ಅವರು ಸುಳ್ಳು ಹೇಳಿದ್ರು ಅನ್ನಂಗಿಲ್ಲ ನಾನು, ಯಾವ್ದೋ ವಿಮಾನ ನೋಡಿರ್ತಾರ. ಈ ವಿಮಾನ ಅಲ್ಲ.

ಸೋನಾಮಸೂರಿ, ಗಂಗಾವತಿ
ಮಿರ್ಚಿ ಖಾಲಿ ಆತು, ಇನ್ನೊಂದ್ ಪ್ಲೇಟ್ ಹೇಳೀನಿ. ಮಾಸ್ತರ್ ಮುಂದುವರಸ್ರಿ.

ದರೋಜಿ ಕರಡಿ, ಸಂಡೂರು
ಮಾಸ್ತರ್ ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದ್ರೆ ಕೋಟೆ ಬಳ್ಳಾರಿ ಅಣ್ಣನ್ನ ಅಷ್ಟು ಬೇಗ ನಗಬೇಡ್ರಿ ಅಂತೀನಿ. ಜನಕ್ಕೆ ಅನುಮಾನ ಸುಮ್ಮನೆ ಬಂದಿದ್ದಲ್ಲ, ಮೊದಲ ವಾರ ಮಲೇಷ್ಯಾದೋರು ನಡ್ಕೊಂಡಿದ್ದು ನೆನಪೈತಾ? ವಿಮಾನ ಹಿಂದಕ್ಕೆ ತಿರುಗಿದ್ದು ಮಿಲಿಟರಿ ರೇಡಾರಲ್ಲಿ ಇತ್ತು, ಆದ್ರೂ ಹಡಗುಗಳೆಲ್ಲಾ ವಿಯೆಟ್ನಾಂ ಕಡೆ ಸಮುದ್ರದಲ್ಲಿ ಹುಡುಕ್ತಾನೇ ಇದ್ವು, ಒಬ್ಬ ಅಧಿಕಾರಿ ಒಂದು ಹೇಳಿದ್ರೆ ಮಾರನೇ ದಿನ ಇನ್ನೊಬ್ಬ ಇಲ್ಲ ಅಂತಿದ್ದ. ಪೈಲಟ್‌ನ ಕಡೇ ಮಾತು ಆಲ್ ರೈಟ್ ಗುಡ್ ನೈಟ್ ಅಂತ ವಾರಗಟ್ಟಲೆ ಪ್ರಪಂಚಕ್ಕೆಲ್ಲಾ ಹೇಳಿ, ಅದರ ಮೇಲೆ ಟೀವಿಲಿ ಕೂತು ಸ್ವಭಾವ ಎಲ್ಲಾ ಅಳೆದಾದ ಮೇಲೆ, ಅಲ್ಲ ಅಲ್ಲ ಅವನು ಹೇಳಿದ್ದು ಗುಡ್ ನೈಟ್ ಮಲೇಷಿಯನ್ ತ್ರೀ ಸೆವೆನ್ ಜೀರೋ ಅಂತ ತಿದ್ದಿದ್ರು! ಹದಿನೈದು ದಿನ ಕಾದ ಮನೆಯೋರಲ್ಲಿ ಕೆಲವರಿಗೆ ಯಾರೂ ಬದುಕಿಲ್ಲ ಅಂತ ಎಸ್ಸೆಮ್ಮೆಸ್ಸಲ್ಲಿ ತಿಳಿಸಿದ್ರು. ಇಂಥೋರು ಆಮೇಲೆ ನಿಜ ಹೇಳಿದ್ರೂ ಯಾರು ನಂಬ್ತಾರೆ. ನನ್ನ ಕೇಳಿದ್ರೆ ಡಿಯಾಗೊ ಗಾರ್ಸಿಯಾ ಕಥೆ ಹುಟ್ಟಿದ್ದು ಅಮೆರಿಕದಲ್ಲಲ್ಲ, ಆ ಪ್ರೆಸ್ ಮೀಟ್‌ಗಳಲ್ಲಿ.

ಮುನಿರಾಬಾದ್ ಕಾಲುವಿ
ಅಕ್ಕಾರ ಮಾತು ನೂರಕ್ಕ ನೂರು. ನಮಗ ಇದು ಗೊತ್ತೈತ್ರಿ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಹರದು ಗೇಟ್ ಕೊಚ್ಚಿ ಹೋತಲ್ಲ, ಅವತ್ತು ನಿದ್ದಿ ಮಾಡಿದೋರು ಯಾರು? ಗೇಟ್ ಹೋಗೈತಿ ಅನ್ನೋದು ಒಂದು ಮಾತು, ಅದು ಫೋನಿಂದ ಫೋನಿಗೆ ದಾಟೋದ್ರಾಗ ಡ್ಯಾಮೇ ಒಡದೈತಿ, ಕೆಳಗಿನ ಊರು ಖಾಲಿ ಮಾಡ್ರಿ ಅಂತಾಗಿತ್ತು, ಯಾವ್ದೋ ದೇಶದ ಡ್ಯಾಮ್ ಒಡದ ವಿಡಿಯೋನ ನಮ್ದು ಅಂತ ನಮ್ಮ ಗ್ರೂಪಿಗೇ ಹಾಕಿದ್ರು, ಡ್ಯಾಮ್ ಕಾಣೋ ಊರಾಗಿರೋ ನಮಗ! ಆಮ್ಯಾಲ ಇಂಜಿನಿಯರ್‌ಗಳು ಬಂದು ಉಳಿದ 32 ಗೇಟಿಗೆ ಏನೂ ಆಗಿಲ್ಲ, ಒತ್ತಡ ಇಳಸಾಕ ನೀರು ಬಿಡಾಕತ್ತೀವಿ ಅಂತ ಬಿಡಿಸಿ ಹೇಳಿದ ಮ್ಯಾಲ ಜನ ಸ್ವಲ್ಪ ತಣ್ಣಗಾದ್ರು, ಹರಿಯೋ ನೀರಾಗೇ ಸ್ಟಾಪ್ ಲಾಗ್ ಅನ್ನೋ ತಾತ್ಕಾಲಿಕ ಗೇಟ್ ಇಳಿಸಿದ್ದು ಒಂದು ವಾರದಾಗ. ಸುದ್ದಿ ಬರದ ತಾಸುಗಳಾಗೇ ಕಥಿ ಹುಟ್ಟೋದು. ಇಲ್ಲಿ ನಮಗ ತಾಸು, ಅವರಿಗೆ ವರ್ಷಗಟ್ಟಲೆ.

ಕೃಷ್ಣಾ ತೀರ, ಶಕ್ತಿನಗರ
ನಮ್ಮ ಮನಿತನ ಹೊಳಿದು, ತೆಪ್ಪ ಹಾಕೋರು. ಹೊಳ್ಯಾಗ ಏನೇ ಮುಳುಗ್ಲಿ ಒಂದು ಚಪ್ಪಲಿನಾರ ಮ್ಯಾಲ ಬರ್ತದ. ಇಷ್ಟು ದೊಡ್ಡ ವಿಮಾನ ಬಿದ್ರ ಸೀಟು ಕುಶನ್ನು ಏನೂ ತೇಲಲಿಲ್ಲೇನು? ನನಗಿರೋ ಅನುಮಾನ ಇದೊಂದೇ.

ನಿವೃತ್ತ ಮಾಸ್ತರ್, ಯಲಬುರ್ಗಾ
ತೇಲ್ಯಾವ, ಆದ್ರ ನೋಡೋರು ಇರಲಿಲ್ಲ. ಬಿದ್ದ ಜಾಗ ಅಂತ ಲೆಕ್ಕ ಹಾಕಿ ಅಲ್ಲಿಗೆ ಹುಡುಕೋ ವಿಮಾನ ಹೋಗೋದ್ರಾಗ ಹತ್ತು ದಿನದ ಮ್ಯಾಲಾಗಿತ್ತು. ಅಷ್ಟರಾಗ ಗಾಳಿ, ಅಲಿ ಎಲ್ಲಾ ಚದುರಿಸಿ ಬಿಟ್ಟಿದ್ವು. ಉಪಗ್ರಹದ ಫೋಟೋದಾಗ ಇದು ವಿಮಾನದ ತುಂಡು, ಅದು ವಿಮಾನದ ತುಂಡು ಅಂತ ದಿನಾ ಸುದ್ದಿ ಬರ್ತಿತ್ತು, ಲಕ್ಷಾಂತರ ಜನ ಮನ್ಯಾಗ ಕುಂತು ಇಂಟರ್ನೆಟ್ಟಿನ್ಯಾಗ ಫೋಟೋ ಜಾಲಾಡಿದ್ರು. ಹಡಗು ಹೋಗಿ ನೋಡಿದ್ರ ಮೀನು ಹಿಡಿಯೋರು ಬಿಟ್ಟ ಸಾಮಾನು, ಸಮುದ್ರದ ಕಸ.
ಆದ್ರ 2015ರ ಜುಲೈ 29ಕ್ಕ ಆಫ್ರಿಕಾ ಕಡೆ ರಿಯೂನಿಯನ್ ಅನ್ನೋ ಫ್ರಾನ್ಸಿನ ದ್ವೀಪದ ದಂಡಿಗೆ ರೆಕ್ಕಿ ತುಂಡು ಒಂದು ಬಂದು ಬಿತ್ತು, ಫ್ಲ್ಯಾಪೆರಾನ್ ಅಂತಾರ ಅದಕ್ಕ. ಒಳಗಿನ ನಂಬರ್ ಹೊಂದಿಸಿ ಫ್ರಾನ್ಸಿನವ್ರು ಇದು ಅದೇ ವಿಮಾನದ್ದು ಅಂತ ಖಾತ್ರಿ ಮಾಡಿದ್ರು. ಆಮ್ಯಾಲ ಮೊಜಾಂಬಿಕ್, ತಾಂಜಾನಿಯಾ, ಮಡಗಾಸ್ಕರ್, ದಕ್ಷಿಣ ಆಫ್ರಿಕಾ, ಮಾರಿಷಸ್ ದಂಡ್ಯಾಗೂ ತುಂಡು ಸಿಕ್ಕಾವ, ಕೆಲವು ಖಾತ್ರಿ, ಕೆಲವು ಬಹುತೇಕ ಖಾತ್ರಿ. ಆಸ್ಟ್ರೇಲಿಯಾದ ವಿಜ್ಞಾನಿಗಳು ಖರೇ ಫ್ಲ್ಯಾಪೆರಾನ್ ಒಂದನ್ನ ಅದೇ ಅಳತಿಗೆ ಕತ್ತರಿಸಿ ಸಮುದ್ರಕ್ಕ ಬಿಟ್ಟು ಹೆಂಗ ತೇಲ್ತೈತಿ ಅಂತ ನೋಡಿದ್ರು. ಏಳನೇ ಆರ್ಕಿನ ಹತ್ತರ ಬಿದ್ದ ತುಂಡು ಒಂದು ಒಂದೂವರಿ ವರ್ಷದಾಗ ಅಲ್ಲಿಗೆ ಹೋಗೋದು ಲೆಕ್ಕಕ್ಕ ಸರಿ ಬಂತು.
ನನ್ನ ಮಟ್ಟಿಗೆ ಯಾರೇ ಯಾವ ಕಥಿ ತಂದ್ರೂ ನಾನು ಎರಡೇ ಕೇಳ್ತೀನಿ. ಉಂಗುರಕ್ಕ ಹೊಂದ್ತೈತೇನು? ಆಫ್ರಿಕಾ ದಂಡಿಗೆ ತುಂಡು ಹೆಂಗ ಬಂದ್ವು? ಕಝಾಕಿಸ್ತಾನದಾಗ ಇಳಿದಿದ್ರ ತುಂಡು ಮೊಜಾಂಬಿಕ್ಕಿಗೆ ಬಸ್ಸಿನ್ಯಾಗ ಹೋದ್ವೇನು?

ಕೋಟೆ ಬಳ್ಳಾರಿ
ತುಂಡು ತಂದು ಹಾಕಿರಬಹುದಲ್ಲ 🙂

ಸೋನಾಮಸೂರಿ, ಗಂಗಾವತಿ
ಅಣ್ಣಾ, ಬಾರ್ನಕಲ್ ಅನ್ನೋ ಚಿಪ್ಪಿರೋ ಸಮುದ್ರದ ಜೀವಿಗಳು ಅದಕ್ಕ ಅಂಟ್ಕೊಂಡು ಬೆಳದಿದ್ವು, ಅವನ್ನೂ ಸಿಐಎದವ್ರು ಸಾಕಿ ಅಂಟಿಸಿದ್ರೇನು? ಇರಲಿ, ನನ್ನ ಫೇವರಿಟ್ ಥಿಯರಿ ಹಣ್ಣಿಂದು. ಕಾರ್ಗೋದಾಗ ನಾಲ್ಕೂವರಿ ಟನ್ ಮ್ಯಾಂಗೊಸ್ಟೀನ್ ಹಣ್ಣು ಇತ್ತು, ಅದು ಸೀಸನ್ನೇ ಅಲ್ಲ, ಹಣ್ಣಿನ ಹೆಸರಿನ್ಯಾಗ ಬ್ಯಾರೆ ಏನೋ ಕಳಸ್ಯಾರ ಅಂದ್ರು. ತನಿಖಿ ಮಾಡೋರು ತ್ವಾಟದ ತನಕ ಹೋಗಿ ಬಂದ್ರು, ಹಣ್ಣು ಹಣ್ಣೇ. ಮಾಲು ಏರಿಸೋ ನಮಗ ಗೊತ್ತೈತಲ್ಲ, ಬಿಲ್ಲಿನ್ಯಾಗ ಒಂದು, ಲಾರ್ಯಾಗ ಒಂದು ಇರೋ ಕಾಲ, ಅನುಮಾನ ಪಡೋದು ತಪ್ಪಲ್ಲ. ಅದೇ ಕಾರ್ಗೋದಾಗ 221 ಕೆಜಿ ಲಿಥಿಯಂ ಬ್ಯಾಟ್ರಿನೂ ಇದ್ವು, ಬೆಂಕಿ ಹತ್ತಿರಬಹುದು ಅನ್ನೋದು ಇದಕ್ಕಿಂತ ತೂಕದ ಮಾತು. ಆದ್ರ ಬೆಂಕಿ ಹತ್ತಿದ ವಿಮಾನ ಮತ್ತ ಏಳು ತಾಸು ಹಾರ್ತೈತೇನು?

ಸುಮ್ನೆ ಓದೋನು, ಸಿರುಗುಪ್ಪ
ಕೌಲಾಲಂಪುರ ಏರ್‌ಪೋರ್ಟಿಗೆ ಒಬ್ಬ ಮಾಂತ್ರಿಕ ತೆಂಗಿನಕಾಯಿ, ಬಿದಿರಿನ ದುರ್ಬೀನು ತಗೊಂಡು ಬಂದಿದ್ದ, ಯಾರಿಗಾದ್ರೂ ನೆನಪೈತಾ? ನಮ್ಮ ಕಡೆ ಆಗಿದ್ರೆ ನಿಂಬೆಹಣ್ಣೂ ಇರ್ತಿತ್ತು.

ದರೋಜಿ ಕರಡಿ, ಸಂಡೂರು
ಅವನ್ನ ನೋಡಿ ನಕ್ಕಿದ್ದೇ ನಕ್ಕಿದ್ದು. ಬ್ಲ್ಯಾಕ್ ಹೋಲ್ ಇರಬಹುದಾ ಅಂತ ಸೂಟ್ ಹಾಕ್ಕೊಂಡು ಕೇಳಿದ ಅಮೆರಿಕದ ಟೀವಿ ಆಂಕರ್‌ಗೂ ಇವನಿಗೂ ನನಗೇನೂ ವ್ಯತ್ಯಾಸ ಕಾಣಲಿಲ್ಲ, ಇವನಾದ್ರೂ ತೆಂಗಿನಕಾಯಿ ಸ್ವಂತ ದುಡ್ಡಲ್ಲಿ ತಂದಿದ್ದ.

ತೀನ್‌ಕಂದಿಲ್, ರಾಯಚೂರು
ಪೈಲಟ್ ವಿಷಯ ಯಾರೂ ಎತ್ತಲಿಲ್ಲ. ಮನ್ಯಾಗಿನ ಸಿಮ್ಯುಲೇಟರ್‌ನ್ಯಾಗ ಅವನು ಹಿಂದೂ ಮಹಾಸಾಗರದ ಕಡೆ ಹಾರಿಸಿ ನೋಡಿದ್ದ ಅಂತ ಇತ್ತಲ್ಲ, ಅದು ಖರೆ ಅದ ಏನು?

ನಿವೃತ್ತ ಮಾಸ್ತರ್, ಯಲಬುರ್ಗಾ
ಆ ಡೇಟಾ ಸಿಕ್ಕಿದ್ದು ಖರೆ, ಆಸ್ಟ್ರೇಲಿಯಾದವ್ರ ರಿಪೋರ್ಟಿನ್ಯಾಗೂ ಐತಿ. ಹಂಗೇ ಕೈಯಾರೆ ತಿರುಗಿಸದ ಹೊರತು ವಿಮಾನ ಹಂಗ ಹಿಂದ ತಿರುಗಂಗಿಲ್ಲ ಅಂತ ಮಲೇಷ್ಯಾದವ್ರೇ ಹೇಳ್ಯಾರ. ಆದ್ರ ತಿರುಗಿಸಿದ್ದು ಯಾರು? 2018ರ ಜುಲೈನ ಅವರ ರಿಪೋರ್ಟ್ ಮೂರನೆಯವರ ಕೈವಾಡ ತಳ್ಳಿ ಹಾಕಾಕ ಆಗಂಗಿಲ್ಲ, ಕಾರಣ ಇಂಥದ್ದೇ ಅಂತ ಹೇಳಾಕ ಬರಂಗಿಲ್ಲ ಅಂತ ಮುಗೀತು. ನನಗೂ ಒಳಗೊಳಗ ಪೈಲಟ್ ಮ್ಯಾಲೇ ಅನುಮಾನ ಹೋಗ್ತೈತಿ, ಸುಳ್ಳು ಯಾಕ ಹೇಳ್ಲಿ. ಆದ್ರ ಅನುಮಾನದ ಮ್ಯಾಲ ಹೆಸರು ಹಿಡಿದು ಕೊಲೆಗಾರ ಅನ್ನಾಕ ನನ್ನ ಬಾಯಿ ಬರಂಗಿಲ್ಲ.

ದರೋಜಿ ಕರಡಿ, ಸಂಡೂರು
ಬರಲೂಬಾರ್ದು. 2025ರ ಜೂನ್ 12ಕ್ಕೆ ಅಹಮದಾಬಾದಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ ಏನಾಯ್ತು ನೋಡಿದ್ವಲ್ಲ. ತಿಂಗಳಿಗೆ ಪ್ರಾಥಮಿಕ ವರದಿ ಬಂತು, ಎರಡೂ ಇಂಜಿನ್ನಿನ ಫ್ಯೂಯಲ್ ಸ್ವಿಚ್ ಕಟಾಫ್‌ಗೆ ಹೋಗಿದ್ವು, ಯಾಕೆ ಆಫ್ ಮಾಡಿದೆ ಅಂತ ಒಬ್ಬ ಪೈಲಟ್ ಕೇಳಿದ್ದ, ನಾನು ಮಾಡಿಲ್ಲ ಅಂತ ಇನ್ನೊಬ್ಬ ಅಂದಿದ್ದ, ಅಷ್ಟೇ ಇದ್ದಿದ್ದು. ಯಾರು ಕೇಳಿದ್ದು ಯಾರು ಉತ್ತರ ಕೊಟ್ಟಿದ್ದು ಅಂತಾನೂ ಅದರಲ್ಲಿ ಇರಲಿಲ್ಲ, ಸಂಜೆಯೊಳಗೆ ಎಲ್ಲರೂ ಜಡ್ಜ್ ಆಗಿಬಿಟ್ರು. ಸತ್ತೋರ ಮನೆಯೋರೂ ಫೋನ್ ನೋಡ್ತಾರೆ ಅನ್ನೋದು ಯಾರಿಗೂ ನೆನಪಿರಲ್ಲ.

ಕೃಷ್ಣಾ ತೀರ, ಶಕ್ತಿನಗರ
ಮಾಸ್ತರ್, ಉಂಗುರ ಗೊತ್ತದ, ತುಂಡು ಸಿಕ್ಕಾವ, ಅಂದ ಮ್ಯಾಲ ತಳದಾಗ ಯಾಕ ಸಿಗವಲ್ದು?

ನಿವೃತ್ತ ಮಾಸ್ತರ್, ಯಲಬುರ್ಗಾ
ಉಂಗುರದ ಮ್ಯಾಲ ಎಲ್ಲಿ ಅನ್ನೋದು ಗೊತ್ತಿಲ್ಲ, ಅದು ಸಾವಿರಾರು ಕಿಲೋಮೀಟರ್ ಉದ್ದ. ಕಡೀ ಸಿಗ್ನಲ್ ಆದ ಮ್ಯಾಲ ಜೋರಾಗಿ ಕೆಳಗ ಬಂತೋ, ಯಾರಾರ ಹಿಡಿದು ತೇಲಿಸ್ಕೊಂಡು ಸ್ವಲ್ಪ ದೂರ ಹೋದ್ರೋ, ಅದರ ಮ್ಯಾಲ ಅಗಲನೂ ಬದಲಾಗ್ತೈತಿ. ಆಳ ನಾಲ್ಕು ಸಾವಿರ ಮೀಟರ್, ಕೆಲವು ಕಡೆ ಅದಕ್ಕೂ ಹೆಚ್ಚು, ತಳದಾಗ ಗುಡ್ಡ, ಕಣಿವಿ. 2017ರ ಜನವರಿ ತನಕ 1,20,000 ಚದರ ಕಿಲೋಮೀಟರ್ ನೋಡಿದ್ರು, 2018ರಾಗ ಓಷನ್ ಇನ್ಫಿನಿಟಿ ಮತ್ತ 1,12,000 ನೋಡಿತು. ಎರಡೂ ಕೂಡಿಸಿದ್ರ ಇಡೀ ಕರ್ನಾಟಕಕ್ಕಿಂತ ದೊಡ್ಡದು. ನೂರೈವತ್ತು ವರ್ಷದ ಹಿಂದಿನ ಹಡಗುಗಳು ಸಿಕ್ಕವು, ವಿಮಾನ ಸಿಗಲಿಲ್ಲ. ಮತ್ತ ನೀರಾಗ ಬಿದ್ದ ಕಪ್ಪುಪೆಟ್ಟಿಗೆ ಇಲ್ಲಿದೀನಿ ಅಂತ ಕೂಗೋ ಬ್ಯಾಟ್ರಿ ಆಗ 30 ದಿನದ್ದು. ಅದ್ರಾಗೂ ಫ್ಲೈಟ್ ಡೇಟಾ ಪೆಟ್ಟಿಗಿಯ ಬ್ಯಾಟ್ರಿ ಅವಧಿ 2012ರ ಡಿಸೆಂಬರ್‌ಗೇ ಮುಗಿದಿತ್ತು, ಬದಲಿ ಮಾಡಿರಲಿಲ್ಲ.

ಕೋಟೆ ಬಳ್ಳಾರಿ
ಏನು? ಅವಧಿ ಮುಗಿದ ಬ್ಯಾಟ್ರಿನಾ? ಇದನ್ನ ಯಾಕೆ ಯಾರೂ ಫಾರ್ವರ್ಡ್ ಮಾಡಲಿಲ್ಲ?

ಮೊಬೈಲ್ ರಿಪೇರಿ, ಸಿಂಧನೂರು
ಅದ್ರಾಗ ವಿಲನ್ ಇಲ್ಲಲ್ಲಣ್ಣ, ಒಂದು ರಿಜಿಸ್ಟರ್‌ನ್ಯಾಗ ಬರಿಯೋದು ಬಿಟ್ಟಿದ್ರು, ಅಷ್ಟೇ. ಅಂಥದ್ದನ್ನ ಯಾರು ಶೇರ್ ಮಾಡ್ತಾರ.

ಮುನಿರಾಬಾದ್ ಕಾಲುವಿ
ನಮ್ಮ ವಾಯುಪಡೆ ಎಎನ್ 32 ನೆನಪೈತೇನ್ರಿ? 2016ರ ಜುಲೈ 22ಕ್ಕ ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊಂಟಿದ್ದು, 29 ಜನ. ಅದೂ ಹಂಗೇ ಹೋತು. ಸಿಕ್ಕಿದ್ದು 2024ರ ಜನವರಿಗೆ, ಚೆನ್ನೈ ದಂಡಿಯಿಂದ 310 ಕಿಲೋಮೀಟರ್ ದೂರ, 3,400 ಮೀಟರ್ ಆಳದಾಗ. ನಮ್ಮದೇ ಬಂಗಾಳ ಕೊಲ್ಲಿ, ಹೋಗೋ ದಾರಿನೂ ಗೊತ್ತಿತ್ತು, ಆದ್ರೂ ಏಳೂವರಿ ವರ್ಷ. ಅದರ ಮ್ಯಾಲ ಡಿಯಾಗೊ ಗಾರ್ಸಿಯಾ ಕಥಿ ಯಾರೂ ಕಟ್ಟಲಿಲ್ಲ.

ಸುಮ್ನೆ ಓದೋನು, ಸಿರುಗುಪ್ಪ
2009ರಲ್ಲಿ ಅಟ್ಲಾಂಟಿಕ್‌ನಲ್ಲಿ ಬಿದ್ದ ಏರ್ ಫ್ರಾನ್ಸ್ 447ದೂ ಹಂಗೇ, ತೇಲೋ ತುಂಡು ಕೆಲವೇ ದಿನದಲ್ಲಿ ಸಿಕ್ರೂ ತಳದಲ್ಲಿ ವಿಮಾನ ಸಿಗೋಕೆ 2011ರ ಏಪ್ರಿಲ್ ಆಯ್ತು. ಅಲ್ಲಿವರೆಗೂ ಮಿಂಚು ಹೊಡೀತು, ಬಾಂಬ್ ಇತ್ತು ಅಂತಿದ್ರು. ಪೆಟ್ಟಿಗೆ ತೆಗೆದು ನೋಡಿದ್ರೆ ವೇಗ ಅಳೆಯೋ ಕೊಳವೆಗೆ ಐಸ್ ಕಟ್ಟಿತ್ತು, ಆಮೇಲೆ ಪೈಲಟ್‌ಗಳು ಗೊಂದಲದಲ್ಲಿ ವಿಮಾನದ ಮೂತಿ ಮೇಲಕ್ಕೆ ಎತ್ತೇ ಇದ್ರು.

ತೀನ್‌ಕಂದಿಲ್, ರಾಯಚೂರು
ಕಡೀ ಪ್ರಶ್ನೆ. ಈಗ ಇನ್ನೊಂದು ವಿಮಾನ ಹಿಂಗ ಆದ್ರ?

ನಿವೃತ್ತ ಮಾಸ್ತರ್, ಯಲಬುರ್ಗಾ
ನಿಯಮ ಬದಲಾಗ್ಯಾವ. ಸಮುದ್ರದ ಮ್ಯಾಲ ಹಾರೋ ದೊಡ್ಡ ವಿಮಾನ 15 ನಿಮಿಷಕ್ಕೊಮ್ಮೆ ಎಲ್ಲೈತಿ ಅಂತ ಕಂಪನಿಗೆ ಗೊತ್ತಾಗಬೇಕು, ಹೊಸದಾಗಿ ತಯಾರಾಗೋ ದೊಡ್ಡ ವಿಮಾನ ಅಪಾಯದಾಗ ಸಿಕ್ರ ನಿಮಿಷಕ್ಕೊಮ್ಮೆ ತಾನಾಗೇ ಜಾಗ ಹೇಳಬೇಕು, ಪೆಟ್ಟಿಗಿ ಬ್ಯಾಟ್ರಿ 30 ದಿನದಿಂದ 90 ದಿನಕ್ಕ ಏರೈತಿ. ಹಳೇ ವಿಮಾನಗಳು ಇನ್ನೂ ಹಾರ್ತಾವ, ಅವಕ್ಕ ನಿಮಿಷದ ನಿಯಮ ಇಲ್ಲ.

ಕೋಟೆ ಬಳ್ಳಾರಿ
ಸರಿ ಮಾಸ್ತರೇ, ಡಿಯಾಗೊ ಗಾರ್ಸಿಯಾ ಸದ್ಯಕ್ಕೆ ಕೈಬಿಟ್ಟೆ. ಆದ್ರೆ ತಿರುಗಿಸಿದ್ದು ಯಾರು ಅನ್ನೋದಕ್ಕೆ ಪೆಟ್ಟಿಗೆ ಸಿಗೋವರೆಗೂ ನಾನು ಕೇಳ್ತಾನೇ ಇರ್ತೀನಿ.

ನಿವೃತ್ತ ಮಾಸ್ತರ್, ಯಲಬುರ್ಗಾ
ಕೇಳ್ರಿ ಕೇಳ್ರಿ. ಆದ್ರ ಒಂದು ತಿಳ್ಕೊಂಡಿರ್ರಿ, ಕಾಕ್‌ಪಿಟ್ಟಿನ ಮಾತು ಹಿಡಿಯೋ ಪೆಟ್ಟಿಗಿ ಕಡೀ ಎರಡು ತಾಸಿಂದಷ್ಟೇ ಉಳಿಸ್ಕೊಳ್ತಿತ್ತು, ಹಳೇದು ಅಳಿಸಿ ಹೊಸದು ಬರ್ಕೋತಿತ್ತು. ವಿಮಾನ ತಿರುಗಿದ್ದು ಮುಳುಗೋಕ್ಕಿಂತ ಏಳು ತಾಸು ಮೊದ್ಲು. ನಾಳೆ ಅದು ಸಿಕ್ಕು, ಒಳಗಿಂದು ಕೆಟ್ಟಿರಲಿಲ್ಲ ಅಂದ್ರೂ, ಆ ಹೊತ್ತಿನ ಮಾತು ಅದ್ರಾಗ ಇರಂಗಿಲ್ಲ. ಯಾವ ಸ್ವಿಚ್ ಯಾವಾಗ ಏನಾತು ಅನ್ನೋದು ಡೇಟಾ ಪೆಟ್ಟಿಗ್ಯಾಗ ಸಿಗಬಹುದು, 25 ತಾಸು ಹಿಡಿತೈತಿ ಅದು.

ಸೋನಾಮಸೂರಿ, ಗಂಗಾವತಿ
ಅಂದ್ರ ಪೆಟ್ಟಿಗಿ ಸಿಕ್ರೂ ಈ ಚರ್ಚಾ ಮುಗಿಯಂಗಿಲ್ಲ ಅನ್ರಿ. ಮಾಸ್ತರ್, ಗಂಗಾವತಿ ಕಡೆ ಬಂದ್ರ ಹೇಳ್ರಿ, ಮಿರ್ಚಿ ನಂದು.